ಸುಮ್ಮನ ನಿಂತವರು ರೇಡಿಯೋದಾಗ ಇರೂದಿಲ್ಲ

ನಮಸ್ಕಾರ್ರಿ. ಈಗ ಕಾಣಾಕತ್ತಿದ್ದು ಧಾರವಾಡ ಆಕಾಶವಾಣಿ, 1950ರ ಜನವರಿಯಾಗ ಶುರುವಾದ ಕೇಂದ್ರ. ರಂಗದ ಮ್ಯಾಲಿನ ನಾಟಕಾನ ಒಂದು ತಾಸಿನ ಬಾನುಲಿ ನಾಟಕ ಮಾಡೂದು ಹೆಂಗ ಅಂತ ನೋಡೂಣು.

ಇದೇ ಊರಾಗ ಓದಿದ ಗಿರೀಶ ಕಾರ್ನಾಡರ ‘ತುಘಲಕ್’ ತಗೋರಿ. ಮೊದಲು ಅನುಮತಿ. ಅವರು ತೀರಿಕೊಂಡದ್ದು 2019ರಾಗ. ಹಕ್ಕು ಮುಂದ 60 ವರ್ಷ ಇರತೈತಿ. ಯೂಟ್ಯೂಬಿಗೆ ಹಾಕೂದಿದ್ರ ಅದನ್ನೂ ಪತ್ರದಾಗ ಬರೆಸಿಕೊಳ್ರಿ.

ಎರಡನೇ ದೃಶ್ಯದಾಗ ಸುಲ್ತಾನ ಚದುರಂಗದ ಮುಂದ ಕುಂತಾನ, ಮಲತಾಯಿ ಬರತಾಳ. ರಂಗದ ಮ್ಯಾಲೆ ಅಕಿ ಬಂದದ್ದು ಕಾಣತೈತಿ. ರೇಡಿಯೋದಾಗ ಬಾಯಿ ತೆಗೆಯೂತನಕ ಅಕಿ ಇಲ್ಲೇ ಇಲ್ಲ. ಬಳಿ ಸಪ್ಪಳ ಸಾಲೂದಿಲ್ಲ, ಯಾರ ಬಳಿ ಅಂತ ಗೊತ್ತಾಗಬೇಕಲ್ಲ? ಮೊದಲ ಎರಡು ಮಾತಿನೊಳಗ ಹೆಸರೋ ಸಂಬಂಧಾನೋ ಬರಬೇಕು.

ಖರೇ ತೊಡಕು ಪ್ರಾರ್ಥನೆಯ ದೃಶ್ಯದ್ದು. ಸಂಚು ಮಾಡಿದ ಅಮೀರರು ಕಠಾರಿ ಹಿರೀತಾರ, ಪರದೆ ಹಿಂದಿನ ಸೈನಿಕರು ಈಟಿ ಹಿಡಕೊಂಡು ಸುತ್ತುವರೀತಾರ. ಸುಲ್ತಾನ ಮಾತ್ರ ಪ್ರಾರ್ಥನೆ ಬಿಡೂದಿಲ್ಲ. ಅಂವ ಅಲುಗಾಡದ ಇರೂದೇ ಆ ದೃಶ್ಯದ ಜೀವ. ಇದ್ದಂಗ ರೆಕಾರ್ಡ್ ಮಾಡಿದ್ರ ಬರೇ ಗದ್ದಲ ಉಳೀತೈತಿ. ‘ಅಯ್ಯೋ, ಸೈನಿಕರು ಬಂದ್ರು’ ಅಂತ ಯಾರ ಕಡೆಯಿಂದಾದ್ರೂ ಹೇಳಿಸಿದ್ರ ನಾಟಕ ಹೋಗಿ ವರದಿ ಆಗತೈತಿ. ಹಂಗ ಮಾಡಬ್ಯಾಡ್ರಿ. ಸುಲ್ತಾನನ ಪಿಸುದನಿ ಮೈಕಿನಿಂದ ಅರ್ಧ ಗೇಣಿಗೆ ಇಡ್ರಿ, ಗದ್ದಲ ಐದಾರು ಅಡಿ ದೂರ. ಗದ್ದಲ ಏರಿದಂಗ ಪಿಸುದನಿ ಲಯ ಬಿಡಬಾರದು. ಎಷ್ಟು ಚಂದ ಮೈ ನಡುಗತೈತಿ ಅಂತೀರಿ! ಪ, ಫ, ಭ ಬಂದಾಗ ಮೈಕಿನಾಗ ಉಸಿರು ಬಡೀತೈತಿ. ಬಾಯಿ ಒಂಚೂರು ಓರೆ ಹಿಡೀರಿ.

ಮೊದಲ ದೃಶ್ಯದ ಗುಂಪಿನಾಗ ಹೆಸರಿಲ್ಲದ ಮಂದಿ ಭಾಳ. ಮುದುಕನ ನಡುಗು ದನಿ, ಹರೇದವನ ಗಡಸು ದನಿ, ಇನ್ನೊಂದು, ಹಿಂಗ ಮೂರಕ್ಕ ಇಳಿಸ್ರಿ. ಒಂದೇ ದೃಶ್ಯದಾಗ ನಾಲ್ಕರ ಮ್ಯಾಲೆ ದನಿ ಬಂದ್ರ ಕಿವಿಗೆ ಗುರುತು ಸಿಗೂದಿಲ್ಲ.

ಸ್ಕ್ರಿಪ್ಟಿಗೆ ಪಿನ್ ಹೊಡೀಬ್ಯಾಡ್ರಿ. ಒಂದೇ ಮಗ್ಗಲಿಗೆ ಅಚ್ಚು ಹಾಕಿಸಿ, ಓದಿದ ಹಾಳಿ ಪಕ್ಕದ ಕಂಬಳಿ ಮ್ಯಾಲೆ ಮೆಲ್ಲಕ ಜಾರಿಸ್ರಿ.

ನಮ್ಮ ಕಡೆ ಕಥೀನ ನಾಟಕ ಮಾಡೂದಿದ್ರ ಹೊಲದಾಗಿನ ನಡಿಗೆಗೆ ಒಣ ಜೋಳದ ರವದಿ ತುಳೀರಿ. ಥಂಡಿ ಹತ್ತಿದ್ದು ಮೆತ್ತಗಾಗಿ ಸಪ್ಪಳ ಸತ್ತಿರತೈತಿ. ರೊಟ್ಟಿ ಬಡಿಯೂ ಸಪ್ಪಳ ಅಡಗಿಮನಿಯಾಗ ಕುಂತು ಹಿಡಿದು ತಂದ್ರೂ, ಕೇಳವರಿಗೆ ಚಪ್ಪಾಳಿ ಅನಸತೈತಿ. ಅದಕ್ಕ ಮೊದಲು ಮಾತು, ಆಮ್ಯಾಲೆ ಸಪ್ಪಳ. ‘ಏನವ್ವಾ, ಹಂಚು ಕಾದೈತೇನ?’ ಅಂತ ಮಗಳು ಕೇಳ್ಲಿ, ಆಮ್ಯಾಲೆ ಬಡೀರಿ.