ಸಾರಜನಕದ ಲೋಟದ ಕೆಳಗೆ ಒಂದು ಪ್ರೊಸೆಸರ್

ಶ್ರೋತೃಗಳಿಗೆ ನಮಸ್ಕಾರ.

ಹಸು, ಎಮ್ಮೆ ಸಾಕಿರುವ ಮನೆಯವರಿಗೆ ದ್ರವ ಸಾರಜನಕವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕೃತಕ ಗರ್ಭಧಾರಣೆಗೆಂದು ಪಶು ಆಸ್ಪತ್ರೆಯವರು ತರುವ ಕ್ಯಾನಿನ ಮುಚ್ಚಳ ತೆಗೆದೊಡನೆ ಬಿಳಿಯ ಹಬೆ ಉಕ್ಕಿ, ಮೇಲಕ್ಕೇರದೆ ಕ್ಯಾನಿನ ಮೈಯನ್ನು ಸವರಿಕೊಂಡು ಕೆಳಗಿಳಿಯುವುದನ್ನು ಅವರು ಕಂಡಿರುತ್ತಾರೆ. ವೀರ್ಯದ ಕಡ್ಡಿಗಳನ್ನು ವರ್ಷಗಟ್ಟಲೆ ಕೆಡದಂತೆ ಕಾಯುವ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವ ಆ ದ್ರವವನ್ನು ಕಂಪ್ಯೂಟರಿನ ಲೆಕ್ಕವೆಲ್ಲ ನಡೆಸುವ ಚಿಪ್ಪಾದ ಪ್ರೊಸೆಸರ್ ಮೇಲಿಟ್ಟ ಪಾತ್ರೆಗೆ ಸುರಿದು, ಅದರ ವೇಗವನ್ನು ತಯಾರಕರು ಗೊತ್ತುಮಾಡಿದ ಮಿತಿಯಿಂದ ಬಹಳ ಮೇಲಕ್ಕೆ ಒಯ್ಯುವ ಒಂದು ಕಸುಬಿದೆ. ವೇಗ ಏರಿಸುವ ಈ ಕೆಲಸಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಪ್ರೊಸೆಸರಿನ ಕೆಲಸವೆಲ್ಲ ಗಡಿಯಾರದ ಬಡಿತಕ್ಕೆ ಸರಿಯಾಗಿ ನಡೆಯುತ್ತದೆ. 3.6 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 360 ಕೋಟಿ ಬಡಿತ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಅದರೊಳಗಿನ ಸೂಕ್ಷ್ಮ ಸ್ವಿಚ್ಚುಗಳಾದ ಟ್ರಾನ್ಸಿಸ್ಟರುಗಳು ತಮ್ಮ ಸ್ಥಿತಿಯನ್ನು ಬದಲಿಸಿ, ಸಂಕೇತಗಳು ತಂತಿಗಳಲ್ಲಿ ಹರಿದು, ಉತ್ತರ ನೆಲೆಗೆ ನಿಂತಿರಬೇಕು. ನಿಲ್ಲದಿದ್ದರೆ ಲೆಕ್ಕ ತಪ್ಪುತ್ತದೆ, ಯಂತ್ರ ಕೈಕೊಡುತ್ತದೆ. ಬಡಿತವನ್ನು ಹೆಚ್ಚಿಸಬೇಕೆಂದರೆ ಟ್ರಾನ್ಸಿಸ್ಟರುಗಳನ್ನು ಚುರುಕುಗೊಳಿಸಬೇಕು, ಅದಕ್ಕೆ ವೋಲ್ಟೇಜ್ ಏರಿಸಬೇಕು. ತೊಡಕು ಹುಟ್ಟುವುದು ಇಲ್ಲಿಯೇ. ವೋಲ್ಟೇಜನ್ನು ಒಂದೂವರೆ ಪಟ್ಟು ಮಾಡಿದರೆ ಶಾಖ ಎರಡೂಕಾಲು ಪಟ್ಟಾಗುತ್ತದೆ. ಬಡಿತ ಹೆಚ್ಚಿದ್ದರಿಂದ ಹುಟ್ಟುವ ಶಾಖ ಅದರ ಮೇಲೆ ಬೇರೆ. ಪ್ರೊಸೆಸರನ್ನು ಮಾಡಿರುವ ಸಿಲಿಕಾನ್ ಎಂಬ ವಸ್ತು ಬಿಸಿಯಾದಾಗ ಟ್ರಾನ್ಸಿಸ್ಟರು ಮುಚ್ಚಿಕೊಂಡಿದ್ದಾಗಲೂ ವಿದ್ಯುತ್ತು ಸೋರುತ್ತದೆ, ಆ ಸೋರಿಕೆ ಮತ್ತೆ ಶಾಖವಾಗುತ್ತದೆ.

ಈ ಗೋಡೆಗೆ ಕಂಪನಿಗಳೂ ಡಿಕ್ಕಿ ಹೊಡೆದದ್ದುಂಟು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಪ್ರೊಸೆಸರನ್ನು ಹೊರತರುವುದಾಗಿ ಹೇಳಿದ್ದ ಇಂಟೆಲ್ 2004ರ ಅಕ್ಟೋಬರಿನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಅಂದಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಭೆಯೊಂದರ ವೇದಿಕೆಯ ಮೇಲೆ, ಅರ್ಧ ತಮಾಷೆಗೆ, ಮೊಣಕಾಲೂರಿ ಕ್ಷಮೆ ಕೇಳಿದರು. ಸ್ವಾರಸ್ಯವೇನೆಂದರೆ, ಅದಕ್ಕಿಂತ ಹತ್ತು ತಿಂಗಳ ಹಿಂದೆಯೇ, 2003ರ ಡಿಸೆಂಬರಿನಲ್ಲಿ, ಕಂಪ್ಯೂಟರ್ ಭಾಗಗಳನ್ನು ಪರೀಕ್ಷಿಸಿ ಬರೆಯುವ ಜಾಲತಾಣ ಟಾಮ್ಸ್ ಹಾರ್ಡ್‌ವೇರ್‌ನವರು ದ್ರವ ಸಾರಜನಕ ಸುರಿದು ಅದೇ ಪೆಂಟಿಯಂ 4 ಅನ್ನು 5 ಗಿಗಾಹರ್ಟ್ಸ್ ದಾಟಿಸಿದ್ದರು.

ಹಾಗಾದರೆ ತಂಪು ಇಲ್ಲಿ ಮಾಡುವ ಕೆಲಸವೇನು? ಶಾಖವನ್ನು ಹೊರಹಾಕುತ್ತದೆ ಎಂಬುದು ಅರ್ಧ ಉತ್ತರ ಮಾತ್ರ. ಇನ್ನರ್ಧ, ಅದು ವಸ್ತುವಿನ ಗುಣವನ್ನೇ ಬದಲಿಸುತ್ತದೆ. ಸಿಲಿಕಾನಿನ ಪರಮಾಣುಗಳ ಕಂಪನ ತಗ್ಗಿದಷ್ಟೂ ಎಲೆಕ್ಟ್ರಾನುಗಳ ಓಟ ಸಲೀಸಾಗುತ್ತದೆ, ಸೋರಿಕೆ ಬಹುಪಾಲು ನಿಂತುಹೋಗುತ್ತದೆ, ತಂತಿಗಳ ರೋಧವೂ ಇಳಿಯುತ್ತದೆ. ಸಾರಜನಕ ಕುದಿಯುವ ಉಷ್ಣತೆಯಲ್ಲಿ ಶುದ್ಧ ತಾಮ್ರದ ರೋಧವು ಕೊಠಡಿಯ ಉಷ್ಣತೆಯಲ್ಲಿರುವುದರ ಏಳನೆಯ ಒಂದು ಪಾಲಿಗಿಂತಲೂ ಕಡಿಮೆ. ಚಿಪ್ಪಿನೊಳಗಿನ ಸಪೂರ ತಂತಿಗಳಲ್ಲಿ ಲಾಭ ಅಷ್ಟು ಸಿಗದು, ಆದರೂ ಲಾಭವೇ. ಇದು ಹವ್ಯಾಸಿಗಳು ಕಂಡುಕೊಂಡ ಗುಟ್ಟೂ ಅಲ್ಲ. 1987ರಲ್ಲಿ ಅಮೆರಿಕದ ಮಿನೆಸೋಟದ ಇಟಿಎ ಸಿಸ್ಟಮ್ಸ್ ಕಂಪನಿಯು ಇಟಿಎ-10 ಎಂಬ ಸೂಪರ್ ಕಂಪ್ಯೂಟರಿನ ಸರ್ಕ್ಯೂಟುಗಳನ್ನು ದ್ರವ ಸಾರಜನಕದಲ್ಲಿಯೇ ಮುಳುಗಿಸಿಟ್ಟು ವೇಗವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿತ್ತು. ಕಂಪನಿ ಮಾತ್ರ 1989ರಲ್ಲಿ ಬಾಗಿಲು ಮುಚ್ಚಿತು.

ಈಗ ಮೇಜಿನ ಹತ್ತಿರಕ್ಕೆ ಹೋಗೋಣ. ಪ್ರೊಸೆಸರ್ ಮೇಲೆ ದಪ್ಪ ತಳದ, ಎತ್ತರವಾದ ತಾಮ್ರದ ಲೋಟವೊಂದನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಈ ಕಸುಬಿನವರು ಅದನ್ನು ಪಾಟ್ ಎನ್ನುತ್ತಾರೆ. ತಳ ದಪ್ಪವಿರುವುದಕ್ಕೆ ಕಾರಣವಿದೆ: ಪ್ರೊಸೆಸರಿಗೆ ಒಮ್ಮೆಲೇ ಹೆಚ್ಚು ಕೆಲಸ ಬಿದ್ದಾಗ ಹುಟ್ಟುವ ಶಾಖವನ್ನು ಮೊದಲು ಆ ತಾಮ್ರದ ಗಟ್ಟಿಯೇ ನುಂಗಿಕೊಳ್ಳಬೇಕು. ಪಾಟಿನ ಸುತ್ತ ಸ್ಪಂಜಿನಂಥ ಹೊದಿಕೆ, ಪ್ರೊಸೆಸರನ್ನು ಕೂರಿಸುವ ಸರ್ಕ್ಯೂಟು ಹಲಗೆಯಾದ ಮದರ್‌ಬೋರ್ಡಿನ ಮೇಲೆ ಉದಾರವಾಗಿ ಬಳಿದ ವ್ಯಾಸಲೀನ್. ಮಂಜಿನಂತೆ ಕೂರುವ ಗಾಳಿಯ ತೇವವೇ ಇಲ್ಲಿನ ಮೊದಲ ಶತ್ರು. ಒಂದು ಹನಿ ತಪ್ಪಾದ ಜಾಗದಲ್ಲಿ ಇಳಿದರೆ ಬೋರ್ಡು ಸುಟ್ಟುಹೋಗುತ್ತದೆ. ಥರ್ಮಾಸ್ ಫ್ಲಾಸ್ಕಿನಿಂದ ದ್ರವವನ್ನು ಸಣ್ಣಗೆ ಸುರಿಯುತ್ತ, ಮತ್ತೊಂದು ಕಣ್ಣನ್ನು ಪಾಟಿಗೆ ಚುಚ್ಚಿದ ಉಷ್ಣಮಾಪಕದ ಮೇಲೆ ಇಟ್ಟಿರಬೇಕು. ಅತಿಯಾಗಿ ಸುರಿದರೂ ಕೆಡುತ್ತದೆ. ಎಷ್ಟೋ ಪ್ರೊಸೆಸರುಗಳು ಒಂದು ಉಷ್ಣತೆಗಿಂತ ಕೆಳಗಿಳಿದರೆ ಕೆಲಸ ಮಾಡುವುದನ್ನೇ ನಿಲ್ಲಿಸುತ್ತವೆ. ಈ ದೋಷಕ್ಕೆ ಕೋಲ್ಡ್ ಬಗ್ ಎಂದು ಹೆಸರು. ಆದ್ದರಿಂದಲೇ ಮೇಜಿನ ಮೇಲೆ ಸಾರಜನಕದ ಫ್ಲಾಸ್ಕಿನ ಪಕ್ಕದಲ್ಲಿ ಬೆಂಕಿಯ ಟಾರ್ಚೂ ಇರುತ್ತದೆ: ಒಂದು ಕೈಯಲ್ಲಿ ತಣಿಸುವುದು, ಇನ್ನೊಂದು ಕೈಯಲ್ಲಿ ಕಾಯಿಸುವುದು. ದೋಸೆ ಹೊಯ್ಯುವವರು ಕಾವಲಿಗೆ ನೀರು ಚಿಮುಕಿಸಿ ಹದ ನೋಡುವುದಕ್ಕೂ ಇದಕ್ಕೂ ನನಗೇನೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಸಾರಜನಕಕ್ಕಿಂತ ತಣ್ಣಗಿರುವುದು ಬೇಕೆಂದವರು ಮೈನಸ್ 269 ಡಿಗ್ರಿಯಲ್ಲಿ ಕುದಿಯುವ ದ್ರವ ಹೀಲಿಯಮ್ಮಿನ ಮೊರೆಹೋಗುತ್ತಾರೆ. 2011ರ ಆಗಸ್ಟ್ 31ರಂದು ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಎಎಂಡಿ ಕಂಪನಿಯ ತಂಡ ಹೀಗೆಯೇ ಎಫ್ಎಕ್ಸ್-8150 ಎಂಬ ಪ್ರೊಸೆಸರನ್ನು 8.429 ಗಿಗಾಹರ್ಟ್ಸ್‌ಗೆ ಏರಿಸಿ ಗಿನ್ನೆಸ್ ದಾಖಲೆ ಬರೆಯಿತು. ಅದರ ಸಹಜ ವೇಗ 3.6 ಗಿಗಾಹರ್ಟ್ಸ್. ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಅದರ ಎಂಟು ಕೋರ್‌ಗಳಲ್ಲಿ ಎಚ್ಚರವಿದ್ದದ್ದು ಎರಡೇ, ಉಳಿದ ಆರನ್ನು ಆರಿಸಿಡಲಾಗಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು.

ಹೀಲಿಯಂ ಎಂಥ ದುಬಾರಿ ಅತಿಥಿ ಎಂಬುದಕ್ಕೆ ಒಂದು ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ. 500 ವ್ಯಾಟ್ ಶಾಖ ಉಗುಳುವ ಪ್ರೊಸೆಸರಿದೆ ಎಂದುಕೊಳ್ಳಿ. ಒಂದು ಲೀಟರ್ ದ್ರವ ಸಾರಜನಕ ಕುದಿದು ಆವಿಯಾಗುವಷ್ಟರಲ್ಲಿ ಅದು ಐದು ನಿಮಿಷಕ್ಕೂ ತುಸು ಹೆಚ್ಚು ಕಾಲ ಆ ಶಾಖವನ್ನು ಹೀರಬಲ್ಲದು. ಕುದಿಯುವುದೊಂದನ್ನೇ ಲೆಕ್ಕಕ್ಕೆ ಹಿಡಿದರೆ ಒಂದು ಲೀಟರ್ ದ್ರವ ಹೀಲಿಯಂ ತಡೆಯುವುದು ಐದು ಸೆಕೆಂಡು. ಹೊರಡುವ ತಣ್ಣನೆಯ ಅನಿಲವೂ ಒಂದಿಷ್ಟು ಶಾಖವನ್ನು ಹೊತ್ತೊಯ್ಯುತ್ತದಾದರೂ, ಸಿಲಿಂಡರು ಬರಿದಾಗುವ ಮೊದಲೇ ಕೆಲಸ ಮುಗಿಸಿಕೊಳ್ಳಬೇಕಾದ ಅವಸರ ತಪ್ಪುವುದಿಲ್ಲ.

2014ರಲ್ಲಿ ಎಎಂಡಿಯದೇ ಎಫ್ಎಕ್ಸ್-8370 ಪ್ರೊಸೆಸರು 8.722 ಗಿಗಾಹರ್ಟ್ಸ್ ಮುಟ್ಟಿತು. ಆ ಅಂಕಿ ಎಂಟು ವರ್ಷ ಅಲುಗಲಿಲ್ಲ. ಎಲ್ಮೋರ್ ಎಂಬ ಹೆಸರಿನಿಂದ ಪರಿಚಿತರಾದ ಸ್ವೀಡನ್‌ನ ಓವರ್‌ಕ್ಲಾಕರ್ 2022ರ ಡಿಸೆಂಬರಿನಲ್ಲಿ ಹೀಲಿಯಂ ಬಳಸಿ ಇಂಟೆಲ್ ಪ್ರೊಸೆಸರೊಂದನ್ನು 9 ಗಿಗಾಹರ್ಟ್ಸ್ ದಾಟಿಸಿದರು. 2024ರ ಮಾರ್ಚಿನಲ್ಲಿ ಇಂಟೆಲ್‌ನ ಇನ್ನೊಂದು ಪ್ರೊಸೆಸರಿನಿಂದ ದಾಖಲೆಯನ್ನು 9.117 ಗಿಗಾಹರ್ಟ್ಸ್‌ಗೆ ಒಯ್ದರು. ಆ ವೇಗದಲ್ಲಿ ಎರಡು ಬಡಿತಗಳ ನಡುವೆ ಬೆಳಕು ಕೂಡ ಸಾಗುವುದು ಮೂರೂಕಾಲು ಸೆಂಟಿಮೀಟರ್, ಅಂದರೆ ನಮ್ಮ ಹೆಬ್ಬೆರಳಿನ ಮೇಲಿನ ಗಿಣ್ಣಿನಷ್ಟು ದೂರ.

ಈ ಅಂಕಿಗಳಿಂದ ಯಾರ ಕೆಲಸವಾದರೂ ಬೇಗ ಮುಗಿಯಿತೇ ಎಂದರೆ, ಇಲ್ಲ. ವೇಗವನ್ನು ಸಿಪಿಯು-ಝಡ್ ಎಂಬ ತಂತ್ರಾಂಶ ಗುರುತು ಮಾಡಿಕೊಳ್ಳುವಷ್ಟು ಹೊತ್ತು ಯಂತ್ರ ಬದುಕಿದ್ದರೆ ದಾಖಲೆ ಸಿಗುತ್ತದೆ. ಆದರೂ ಇದನ್ನು ಹುಚ್ಚಾಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಂಗಡಿಯಲ್ಲಿ ಸಿಗುವ ಪ್ರೊಸೆಸರಿನ ಮೇಲೆ ಬರೆದಿರುವ ವೇಗ ಬಹುಮಟ್ಟಿಗೆ ಶಾಖದೊಂದಿಗೆ ಮಾಡಿಕೊಂಡ ರಾಜಿ; ಆ ಶಾಖವನ್ನು ಪಕ್ಕಕ್ಕೆ ಸರಿಸಿ, ವಿನ್ಯಾಸ ಮಾತ್ರವೇ ಎಲ್ಲಿಯವರೆಗೆ ತಾಳುತ್ತದೆ ಎಂದು ಕೇಳುವ ದಾರಿ ಇದು. ಸಾರಜನಕದ ಕೆಳಗೆ 2003ರಲ್ಲಿ ಕಂಡ 5 ಗಿಗಾಹರ್ಟ್ಸ್ ಅಂಗಡಿಗೆ ಬಂದದ್ದು 2013ರಲ್ಲಿ; 6 ಗಿಗಾಹರ್ಟ್ಸ್ ಬರಲು 2023ರವರೆಗೆ ಕಾಯಬೇಕಾಯಿತು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಡಬ್ಬಿ ಸಿಡಿಯುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸುರಿದರೆ ಅದು ಆಮ್ಲಜನಕವನ್ನು ಹೊರದೂಡಿ, ಉಸಿರುಗಟ್ಟಿದ ಅನುಭವವೂ ಆಗದಂತೆ ಮನುಷ್ಯ ಎಚ್ಚರ ತಪ್ಪುತ್ತಾನೆ.

ದಾಖಲೆ ಸಿಕ್ಕಿದ ಮೇಲೂ ಕೆಲಸ ಮುಗಿದಿರುವುದಿಲ್ಲ. ಪಾಟಿನ ಮೇಲೆ ಬೆರಳಷ್ಟು ದಪ್ಪಕ್ಕೆ ಕಟ್ಟಿದ ಹಿಮ ಕರಗತೊಡಗುತ್ತದೆ, ನೀರು ಬೋರ್ಡಿನತ್ತ ಇಳಿಯುತ್ತದೆ. ಸುತ್ತಲೂ ಕಾಗದದ ಟವೆಲ್ಲುಗಳನ್ನು ತುರುಕಿ, ಫ್ಯಾನ್ ಹಚ್ಚಿ, ಗಂಟೆಗಟ್ಟಲೆ ಒಣಗಿಸಿದ ಮೇಲೆಯೇ ಆ ಪ್ರೊಸೆಸರು ಇನ್ನೂ ಬದುಕಿದೆಯೇ ಎಂದು ಸ್ವಿಚ್ ಒತ್ತಿ ನೋಡುತ್ತಾರೆ.