ಇಪ್ಪತ್ತೆಂಟನೆಯ ಔಟ್

ಕೇಳುಗರಿಗೆ ನಮಸ್ಕಾರ.

ಡೆಟ್ರಾಯಿಟ್ ಟೈಗರ್ಸ್ 3, ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ 0. 2010ರ ಜೂನ್ 2ರಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ನಡೆದ ಬೇಸ್‌ಬಾಲ್ ಪಂದ್ಯದ ಫಲಿತಾಂಶ ಇಷ್ಟೇ. ಆಟ ಎರಡು ಗಂಟೆಯನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಅಂಕಪಟ್ಟಿಯಲ್ಲಿ ಕ್ಲೀವ್‌ಲ್ಯಾಂಡ್‌ನ ಸಾಲನ್ನು ನೋಡಿದರೆ ಒಂದು ಅಂಕಿ ಕಣ್ಣಿಗೆ ಚುಚ್ಚುತ್ತದೆ: ರನ್ ಸೊನ್ನೆ, ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದ್ದು) ಒಂದು. ನನ್ನ ತಕರಾರು ಆ ಒಂದರ ಮೇಲೆ.

ಕ್ರಿಕೆಟ್ ಕೇಳಿ ಬೆಳೆದ ನಮಗೆ ಸ್ವಲ್ಪ ವಿವರಣೆ ಬೇಕು. ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ಗೆ ಮೂರು ಔಟ್, ಒಟ್ಟು 27. ಎದುರಾಳಿಯ ಒಬ್ಬನೇ ಒಬ್ಬ ಮೊದಲ ಬೇಸನ್ನೂ (ಬ್ಯಾಟರ್ ಓಡಿ ತಲುಪಬೇಕಾದ ಮೊದಲ ಠಾಣೆ) ಮುಟ್ಟದಂತೆ ಒಬ್ಬ ಪಿಚರ್, ಅಂದರೆ ಚೆಂಡೆಸೆಯುವವ, ಆ 27 ಔಟ್‌ಗಳನ್ನೂ ಸಾಲಾಗಿ ಪಡೆದರೆ ಅದು ಪರ್ಫೆಕ್ಟ್ ಗೇಮ್. 1880ರಲ್ಲಿ ಮೊದಲನೆಯದು ದಾಖಲಾಯಿತು. ಅಲ್ಲಿಂದ ಆ ಸಂಜೆಯವರೆಗಿನ 130 ವರ್ಷಗಳಲ್ಲಿ ಆದದ್ದು ಕೇವಲ 20.

ಟೈಗರ್ಸ್ ಪಿಚರ್ ಆರ್ಮಾಂಡೊ ಗಲರಾಗ ವೆನೆಜುವೆಲಾದವರು. ಅದಕ್ಕೆ ಕೆಲವೇ ವಾರಗಳ ಹಿಂದೆ ಕೆಳಗಿನ ದರ್ಜೆಯ ಲೀಗ್‌ನಿಂದ ಅವರನ್ನು ಮರಳಿ ಕರೆಸಿಕೊಂಡಿದ್ದರು. ಎರಡನೆಯ ಇನ್ನಿಂಗ್ಸ್‌ನಲ್ಲಿ ಅದೇ ತಂಡದ ಮಿಗೆಲ್ ಕಬ್ರೆರಾ ನಮ್ಮ ಸಿಕ್ಸರ್‌ನಂಥ ಹೋಮ್ ರನ್ ಬಾರಿಸಿ ಒಂದು ರನ್ ಕೊಟ್ಟರು, ಎಂಟನೆಯದರಲ್ಲಿ ಇನ್ನೆರಡು ಬಂದವು. ಉಳಿದದ್ದೆಲ್ಲ ಗಲರಾಗ ಅವರ ಕೈಚಳಕ.

ಒಂಬತ್ತನೆಯ ಇನ್ನಿಂಗ್ಸ್‌ನ ಮೊದಲ ಹೊಡೆತಕ್ಕೇ ಕ್ರೀಡಾಂಗಣ ಉಸಿರು ಬಿಗಿಹಿಡಿಯಿತು. ಚೆಂಡು ಸೆಂಟರ್ ಫೀಲ್ಡ್‌ನ ಆಳಕ್ಕೆ ಹಾರಿತು. ಟೈಗರ್ಸ್‌ನ ಆಸ್ಟಿನ್ ಜಾಕ್ಸನ್ ಬ್ಯಾಟರ್‌ಗೆ ಬೆನ್ನು ಮಾಡಿಕೊಂಡೇ ಓಡಿ, ಭುಜದ ಮೇಲಿಂದ ಇಳಿಯುತ್ತಿದ್ದ ಚೆಂಡನ್ನು ಹಿಡಿದರು. 25. ಮುಂದಿನವನೂ ಹೋದ. 26.

ಇಪ್ಪತ್ತೇಳನೆಯವರು ಜೇಸನ್ ಡೊನಾಲ್ಡ್. ನೆಲಕ್ಕಂಟಿ ಬಲಕ್ಕೆ ಬಂದ ಚೆಂಡನ್ನು ಕಬ್ರೆರಾ ಎತ್ತಿಕೊಂಡು ಮೊದಲ ಬೇಸ್‌ನತ್ತ ಎಸೆದರು. ಅಲ್ಲಿಗೆ ಓಡಿ ಬಂದಿದ್ದವರು ಸ್ವತಃ ಗಲರಾಗ. ಚೆಂಡು ಗ್ಲೌಸಿನಲ್ಲಿತ್ತು, ಪಾದ ಬೇಸಿನ ಮೇಲಿತ್ತು, ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ಹಿಂದಿದ್ದರು. ಅಂದರೆ ಔಟ್. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈಗಳನ್ನು ಅಗಲಕ್ಕೆ ಚಾಚಿದರು. ಸೇಫ್, ಔಟಲ್ಲ!

ಗಲರಾಗ ಕೂಗಾಡಲಿಲ್ಲ. ಒಮ್ಮೆ ನಕ್ಕರು, ಅಷ್ಟೆ. ಟೈಗರ್ಸ್ ತಂಡದವರೆಲ್ಲ ಅಂಪೈರ್ ಮೇಲೆ ಮುಗಿಬೀಳುತ್ತಿದ್ದರೆ ಅವರು ಎಸೆಯುವ ದಿಬ್ಬಕ್ಕೆ ಮರಳಿ, ಮುಂದಿನ ಬ್ಯಾಟರ್ ಟ್ರೆವರ್ ಕ್ರೋ ಅವರನ್ನು ಔಟ್ ಮಾಡಿ ಕೆಲಸ ಮುಗಿಸಿದರು. ಒಟ್ಟು 88 ಎಸೆತ, ಒಂದೂ ವಾಕ್ (ಕೆಟ್ಟ ಎಸೆತಗಳಿಂದಾಗಿ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಇಲ್ಲ. 27 ಔಟ್ ಸಾಕಾಗುವ ಆಟದಲ್ಲಿ 28 ಔಟ್ ಮಾಡಿದ ಈ ಮನುಷ್ಯನ ಸಾಧನೆಯನ್ನು ಬರೆಯಲು ಅಂಕಪಟ್ಟಿಯಲ್ಲಿ ಮನೆಯೇ ಇಲ್ಲ.

ಪಂದ್ಯದ ನಂತರ ಮರುಪ್ರಸಾರ ನೋಡಿದ ಜಾಯ್ಸ್, ತಪ್ಪು ತನ್ನದೇ ಎಂದು ಎಲ್ಲರೆದುರು ಒಪ್ಪಿಕೊಂಡರು, ಗಲರಾಗ ಅವರನ್ನು ಕಂಡು ಕ್ಷಮೆ ಕೇಳಿದರು. ನುರಿತ ಅಂಪೈರ್ ಎಂದು ಹೆಸರಾಗಿದ್ದವರು ಅವರು. ತೀರ್ಪನ್ನು ತಿದ್ದಿ ಎಂದು ಎಷ್ಟೋ ಜನ ಬೇಡಿಕೊಂಡರೂ ಲೀಗ್‌ನ ಕಮಿಷನರ್ ಬಡ್ ಸೆಲಿಗ್ ಒಪ್ಪಲಿಲ್ಲ. ಇಂಥ ತೀರ್ಪುಗಳನ್ನು ವಿಡಿಯೊ ನೋಡಿ ತಿದ್ದುವ ವ್ಯವಸ್ಥೆ ಬಂದದ್ದು 2014ರಲ್ಲಿ. ಹೀಗಾಗಿ ಆ ಒಂದು ಹಿಟ್ ಇಂದಿಗೂ ಡೊನಾಲ್ಡ್ ಲೆಕ್ಕದಲ್ಲೇ ಇದೆ. ಪಾಪ, ಅವರು ತಾನೇ ಏನು ಮಾಡಿಯಾರು, ಓಡಿದ್ದಷ್ಟೇ.

ಮರುದಿನ ಮಧ್ಯಾಹ್ನ ಅದೇ ಎರಡು ತಂಡಗಳ ಪಂದ್ಯ. ಬೇಕಿದ್ದರೆ ರಜೆ ತೆಗೆದುಕೊಳ್ಳಿ ಎಂದರೂ ಜಾಯ್ಸ್ ಕೇಳದೆ ಬಂದಿದ್ದರು. ಆಟಕ್ಕೆ ಮುಂಚೆ ಆಡುವವರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡುವುದು ವಾಡಿಕೆ, ಸಾಮಾನ್ಯವಾಗಿ ಮ್ಯಾನೇಜರ್ ಕೆಲಸ. ಆ ದಿನ ಟೈಗರ್ಸ್ ಪಾಳೆಯದಿಂದ ಚೀಟಿ ಹಿಡಿದು ಬಂದವರು ಗಲರಾಗ. ಜಾಯ್ಸ್ ಅದನ್ನು ತೆಗೆದುಕೊಂಡರು, ಕಣ್ಣೊರೆಸಿಕೊಂಡರು, ಗಲರಾಗ ಅವರ ಭುಜ ತಟ್ಟಿದರು. ಆಮೇಲೆ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ಹೋಗಿ ನಿಂತರು.

ನಮಸ್ಕಾರ.