ಮಾತಿಗೆ ತಡೆ ಹಾಕುವವರು ಯಾರು?

ಕೇಳುಗರಿಗೆ ನಮಸ್ಕಾರ.

1938ರ ನವೆಂಬರ್ 20, ಭಾನುವಾರ. ಅಮೆರಿಕದ ಲಕ್ಷಾಂತರ ಮನೆಗಳಲ್ಲಿ ಜನ ರೇಡಿಯೊ ಹಚ್ಚಿ ಕಾಯುತ್ತಿದ್ದರು. ಅಂದು ಮಾತಾಡಬೇಕಿದ್ದವರು ಫಾದರ್ ಚಾರ್ಲ್ಸ್ ಕಾಗ್ಲಿನ್. ಮಿಷಿಗನ್ ರಾಜ್ಯದ ರಾಯಲ್ ಓಕ್ ಎಂಬ ಊರಿನ ಕ್ಯಾಥೊಲಿಕ್ ಪಾದ್ರಿ. ಅದಕ್ಕೆ ಹತ್ತು ದಿನ ಮೊದಲಷ್ಟೇ ಜರ್ಮನಿಯಲ್ಲಿ ನಾಜಿಗಳು ಯಹೂದಿಯರ ಮೇಲೆ ಮುಗಿಬಿದ್ದಿದ್ದರು. ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿದ್ದರು. ಅಂಗಡಿಗಳ ಗಾಜು ಒಡೆದಿದ್ದರು. ಸುಮಾರು 30 ಸಾವಿರ ಗಂಡಸರನ್ನು ಎಳೆದುಕೊಂಡು ಹೋಗಿ ಕ್ಯಾಂಪುಗಳಿಗೆ ತಳ್ಳಿದ್ದರು. ಜಗತ್ತೆಲ್ಲ ಬೆಚ್ಚಿಬಿದ್ದಿತ್ತು. ಕಾಗ್ಲಿನ್ ಅವತ್ತು ಅದರ ಬಗ್ಗೆಯೇ ಮಾತಾಡಿದರು. ಆದರೆ ತಪ್ಪನ್ನು ಹೊರಿಸಿದ್ದು ಪೆಟ್ಟು ತಿಂದವರ ಮೇಲೆ! ರಷ್ಯಾದ ಕ್ರಾಂತಿಗೆ ಯಹೂದಿ ಬ್ಯಾಂಕರುಗಳೇ ಹಣ ಕೊಟ್ಟರು ಅಂದರು. ಜರ್ಮನಿಯಲ್ಲಿ ನಡೆದದ್ದು ಕಮ್ಯುನಿಸಂಗೆ ಬಂದ ಪ್ರತಿಕ್ರಿಯೆ ಅಂದರು.

ನ್ಯೂಯಾರ್ಕಿನಲ್ಲಿ ಈ ಭಾಷಣವನ್ನು ಬಿತ್ತರಿಸಿದ್ದು ಡಬ್ಲ್ಯುಎಂಸಿಎ ಎಂಬ ಕೇಂದ್ರ. ಭಾಷಣ ಮುಗಿದ ಮೇಲೆ ಅಲ್ಲಿನ ಉದ್ಘೋಷಕರು, ಫಾದರ್ ಹೇಳಿದ ಕೆಲವು ಸಂಗತಿಗಳು ತಪ್ಪು ಎಂದು ಕೇಳುಗರಿಗೆ ನೇರವಾಗಿ ತಿಳಿಸಿದರು. ಮುಂದಿನ ಭಾಷಣದ ಪ್ರತಿಯನ್ನು ಮೊದಲೇ ಕೊಡಿ ಎಂದು ಕೇಂದ್ರ ಕೇಳಿತು. ಅದಕ್ಕೆ ಅವರು ಒಪ್ಪಲಿಲ್ಲ. ಕೇಂದ್ರ ಪ್ರಸಾರ ನಿಲ್ಲಿಸಿತು. ಆಮೇಲೆ ತಿಂಗಳುಗಟ್ಟಲೆ ಅವರ ಬೆಂಬಲಿಗರು ಕೇಂದ್ರದ ಎದುರು ಫಲಕ ಹಿಡಿದು ನಿಂತರು. ಮಾತಿನ ಸ್ವಾತಂತ್ರ್ಯ ಸತ್ತುಹೋಯಿತು ಎಂಬುದೇ ಅವರ ಕೂಗು.

ಈ ಕೂಗು ನಮಗೂ ಹೊಸದಲ್ಲ, ಅಲ್ವಾ? ಯಾವುದೋ ವಾಗ್ಮಿಯ ಕಾರ್ಯಕ್ರಮ ರದ್ದಾದರೆ, ಯಾರದೋ ಚಾನೆಲ್ ಬಂದ್ ಆದರೆ ಅದೇ ಮಾತು ಕೇಳಿಬರುತ್ತದೆ. ಕೆಲವು ಸಲ ಅದು ನಿಜವೂ ಆಗಿರುತ್ತದೆ. ಹಾಗಾಗಿ ಸುಮ್ನೆ ತಳ್ಳಿಹಾಕುವ ಮಾತಲ್ಲ. ನಿಲ್ಲಿಸಿದವರು ಯಾರು, ಯಾಕೆ, ಯಾವ ದಾರಿಯಲ್ಲಿ ನಿಲ್ಲಿಸಿದರು ಎಂದು ನೋಡಬೇಕು. ಅದಕ್ಕೇ ಕಾಗ್ಲಿನ್ ಕಥೆಯನ್ನು ಇನ್ನೂ ಸ್ವಲ್ಪ ಹೇಳುತ್ತೇನೆ.

ಈ ಮನುಷ್ಯ ಮೈಕಿನ ಮುಂದೆ ಬಂದಿದ್ದೇ ದ್ವೇಷಕ್ಕೆ ಗುರಿಯಾಗಿ. 1926ರಲ್ಲಿ ಅವರ ಪುಟ್ಟ ಚರ್ಚಿನ ಅಂಗಳದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ದ್ವೇಷ ಸಂಘಟನೆಯವರು ಹೆದರಿಸಲೆಂದು ಶಿಲುಬೆಯೊಂದನ್ನು ಸುಟ್ಟರು. ಆ ಭಾಗದಲ್ಲಿ ಆಗ ಕ್ಯಾಥೊಲಿಕರನ್ನು ಕಂಡರೆ ಹಲವರಿಗೆ ಆಗುತ್ತಿರಲಿಲ್ಲ. ತಮ್ಮ ಜನರ ಬಗ್ಗೆ ಇದ್ದ ತಪ್ಪು ತಿಳಿವಳಿಕೆ ಹೋಗಲಿ ಎಂದು ಕಾಗ್ಲಿನ್ ಡೆಟ್ರಾಯಿಟ್‌ನ ರೇಡಿಯೊ ಕೇಂದ್ರದಿಂದ ಮಾತಾಡಲು ಶುರು ಮಾಡಿದರು. ಮೊದಮೊದಲು ಮಕ್ಕಳಿಗೆ ಧರ್ಮಪಾಠ. ಆಮೇಲೆ 1929ರ ಆರ್ಥಿಕ ಕುಸಿತ ಬಂತು. ಕೆಲಸ ಹೋದವರು, ಬ್ಯಾಂಕಿನಲ್ಲಿಟ್ಟ ದುಡ್ಡು ಕಳೆದುಕೊಂಡವರು ಕೋಟಿಗಟ್ಟಲೆ ಇದ್ದರು. ಕಾಗ್ಲಿನ್ ಇಂಥವರ ಪರವಾಗಿ ಬ್ಯಾಂಕುಗಳನ್ನು ಬೈದರು, ಕಾರ್ಖಾನೆ ಮಾಲೀಕರನ್ನು ಬೈದರು. ಆ ಕಾಲದ ಅವರ ಮಾತುಗಳಲ್ಲಿ ನ್ಯಾಯವೂ ಇತ್ತು ಎಂದು ನನಗೆ ಅನಿಸುತ್ತದೆ. ಒಂದು ಹಂತದಲ್ಲಿ ಅವರನ್ನು ಕೇಳುವವರು 3 ಕೋಟಿಯವರೆಗೆ ಇದ್ದರೆಂಬ ಅಂದಾಜಿದೆ. ಬಂದ ಕಾಗದಗಳನ್ನು ಬಿಡಿಸಲು ಗುಮಾಸ್ತರ ದೊಡ್ಡ ಪಡೆಯೇ ಬೇಕಾಗಿತ್ತು.

1931ರಲ್ಲಿ ಸಿಬಿಎಸ್ ಎಂಬ ರೇಡಿಯೊ ಜಾಲ ಅವರ ಜೊತೆಗಿನ ಒಪ್ಪಂದವನ್ನು ಮುಂದುವರಿಸಲಿಲ್ಲ. ಅವರು ತಮ್ಮದೇ ಜಾಲ ಕಟ್ಟಿಕೊಂಡರು. ಮೊದಲು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಹೊಗಳಿದರು, ನಂತರ ಅವರ ಕಡು ವೈರಿಯಾದರು. 1938ರ ಹೊತ್ತಿಗೆ ತಮ್ಮ ವಾರಪತ್ರಿಕೆಯಲ್ಲಿ ‘ಜಿಯಾನ್ ಹಿರಿಯರ ಪ್ರೋಟೊಕಾಲ್‌’ಗಳನ್ನು ಅಚ್ಚು ಹಾಕಿಸುವ ಮಟ್ಟಕ್ಕೆ ಬಂದರು. ಅದು ಯಹೂದಿಯರ ಹೆಸರು ಕೆಡಿಸಲು ಯಾರೋ ಕಟ್ಟಿದ ನಕಲಿ ದಾಖಲೆ. ಲಂಡನ್ನಿನ ಟೈಮ್ಸ್ ಪತ್ರಿಕೆ 1921ರಲ್ಲೇ ಅದನ್ನು ಬಯಲು ಮಾಡಿತ್ತು. ಹದಿನೇಳು ವರ್ಷಗಳ ಹಿಂದೆಯೇ ಸುಳ್ಳೆಂದು ತೋರಿಸಿದ್ದನ್ನು ಕಾಗ್ಲಿನ್ ಮತ್ತೆ ಹಂಚಿದರು. ತಾನು ಯಾವ ದ್ವೇಷಕ್ಕೆ ಗುರಿಯಾಗಿದ್ದೆನೋ ಅದನ್ನೇ ಇನ್ನೊಂದು ಜನಾಂಗದ ಮೇಲೆ ತಿರುಗಿಸಿದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅವರನ್ನು ಕೊನೆಗೆ ನಿಲ್ಲಿಸಿದ್ದು ಯಾರು? ಒಬ್ಬರಲ್ಲ. ಮೊದಲು ಆ ನ್ಯೂಯಾರ್ಕ್ ಕೇಂದ್ರ. ಆಮೇಲೆ 1939ರಲ್ಲಿ ಪ್ರಸಾರಕರ ಸಂಘ ಒಂದು ನಿಯಮ ಮಾಡಿತು. ವಿವಾದದ ವಿಷಯಗಳಿಗೆ ಹಣ ಪಡೆದು ಸಮಯ ಮಾರಬಾರದು, ಎಲ್ಲ ಕಡೆಯವರಿಗೂ ನ್ಯಾಯವಾಗಿ ಅವಕಾಶ ಕೊಡಬೇಕು ಎಂಬುದು ಅದರ ತಿರುಳು. 1940ರಲ್ಲಿ ಕಾಗ್ಲಿನ್ ರೇಡಿಯೊ ಬಿಟ್ಟರು. 1942ರಲ್ಲಿ, ಯುದ್ಧದ ನಡುವೆ, ಸರ್ಕಾರ ಅವರ ಪತ್ರಿಕೆ ಅಂಚೆಯಲ್ಲಿ ಹೋಗದಂತೆ ತಡೆಯಿತು. ಅವರ ಆರ್ಚ್‌ಬಿಷಪ್ ಸಾಕು ನಿಲ್ಲಿಸಿ ಅಂದರು. ಅವರು ಪಾಲಿಸಿದರು. 1966ರವರೆಗೆ ಅದೇ ಊರಿನಲ್ಲಿ ಪಾದ್ರಿಯಾಗಿದ್ದು, 1979ರಲ್ಲಿ ತೀರಿಕೊಂಡರು.

ಡಬ್ಲ್ಯುಎಂಸಿಎ ಮಾಡಿದ್ದು ಸರಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಒಬ್ಬರಿಗೆ ಮಾತಾಡುವ ಹಕ್ಕಿದೆ ಎಂದರೆ ಇನ್ನೊಬ್ಬರ ಮೈಕನ್ನು ಕೇಳಿದಾಗಲೆಲ್ಲ ಕೊಡಲೇಬೇಕು ಎಂದಲ್ಲ. ಸುಳ್ಳನ್ನು ಸುಳ್ಳು ಎಂದು ಹೇಳುವುದು ಪ್ರಸಾರ ಮಾಡುವವರ ಕೆಲಸ. ನಮ್ಮ ಆಕಾಶವಾಣಿಗೂ ಪ್ರಸಾರ ಸಂಹಿತೆ ಇದೆ. ಧರ್ಮ, ಸಮುದಾಯಗಳ ಮೇಲಿನ ದಾಳಿ, ಮಾನಹಾನಿ, ಹಿಂಸೆಗೆ ಪ್ರಚೋದನೆ ಇವೆಲ್ಲ ಇಲ್ಲಿ ಸಲ್ಲುವುದಿಲ್ಲ. ಈ ಭಾಷಣದ ಪ್ರತಿಯನ್ನೂ ನಾನು ಮೊದಲೇ ಕೊಟ್ಟಿದ್ದೇನೆ. ಅದರಿಂದ ನನ್ನ ಸ್ವಾತಂತ್ರ್ಯ ಹೋಯಿತು ಎಂದು ಅನಿಸಿಲ್ಲ. ಆದರೆ ಸರ್ಕಾರ ಅಂಚೆಯನ್ನು ತಡೆದ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ರೇಡಿಯೊ ಕೇಂದ್ರ ಬಾಗಿಲು ಹಾಕಿದರೆ ಇನ್ನೊಂದು ಕೇಂದ್ರಕ್ಕೆ ಹೋಗಬಹುದು. ಸರ್ಕಾರ ಬಾಗಿಲು ಹಾಕಿದರೆ ಎಲ್ಲಿಗೆ ಹೋಗುವುದು? ಇವತ್ತು ಕಾಗ್ಲಿನ್‌ಗೆ ಬಂದ ಆದೇಶ ನಾಳೆ ಸರ್ಕಾರವನ್ನು ಪ್ರಶ್ನೆ ಮಾಡುವ ಯಾರಿಗಾದರೂ ಬರಬಹುದು.

ಹಾಗಾದರೆ ಕಾನೂನು ಎಂದಿಗೂ ಕೈ ಹಾಕಬಾರದೇ? ಹಾಕಬೇಕಾದ ಹೊತ್ತು ಬರುತ್ತದೆ. ಆಫ್ರಿಕದ ರುವಾಂಡಾದಲ್ಲಿ 1993ರ ಜುಲೈಯಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೊ ಶುರುವಾಯಿತು. ಒಳ್ಳೆಯ ಸಂಗೀತ, ನಗೆಮಾತು, ನಡುನಡುವೆ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರ ಬಗ್ಗೆ ವಿಷ. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ನರಮೇಧ ಶುರುವಾಯಿತು. ಆಗ ಅದೇ ರೇಡಿಯೊ ಜನರ ಹೆಸರು ಓದಿತು. ಯಾರು ಎಲ್ಲಿ ಅಡಗಿದ್ದಾರೆ ಎಂದು ಹೇಳಿತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನ ಸತ್ತರು.

ಆ ರೇಡಿಯೊ ಹಿಂದಿದ್ದವರ ವಿಚಾರಣೆ ವಿಶ್ವಸಂಸ್ಥೆಯ ವಿಶೇಷ ನ್ಯಾಯಮಂಡಳಿಯಲ್ಲಿ ನಡೆಯಿತು. 2003ರಲ್ಲಿ ಶಿಕ್ಷೆಯಾಯಿತು. 2007ರಲ್ಲಿ ಮೇಲ್ಮನವಿ ಪೀಠ ಒಂದು ಗೆರೆ ಎಳೆಯಿತು. ಏಪ್ರಿಲ್ 6ರ ನಂತರದ ಪ್ರಸಾರಗಳು ನರಮೇಧಕ್ಕೆ ನೇರ ಪ್ರಚೋದನೆ. ಅದಕ್ಕಿಂತ ಮುಂಚಿನ ಪ್ರಸಾರಗಳಲ್ಲಿ ದ್ವೇಷ ಇದ್ದರೂ ನೇರ ಪ್ರಚೋದನೆ ಸಾಬೀತಾಗಿಲ್ಲ. ಓದಿದರೆ ಹೊಟ್ಟೆ ಉರಿಯುತ್ತದೆ. ಅಷ್ಟು ಜನ ಸತ್ತಮೇಲೂ ಇಷ್ಟು ಎಚ್ಚರವೇ ಎಂದು ಸಿಟ್ಟು ಬರುತ್ತದೆ. ಆದರೂ ನ್ಯಾಯಾಧೀಶರು ಮಾಡಬೇಕಾದ ಕೆಲಸ ಅದೇ. ಮಾತಾಡಿದವರನ್ನು ಜೈಲಿಗೆ ಕಳಿಸುವ ಮುನ್ನ ಮಾತಿಗೂ ಕೃತ್ಯಕ್ಕೂ ನಡುವಿನ ದೂರವನ್ನು ಅಳೆಯಲೇಬೇಕು.

ಜೈಲಿಲ್ಲದೆಯೂ ಲೆಕ್ಕ ಕೇಳಬಹುದು. ಅದಕ್ಕೆ ಹತ್ತಿರದ ಉದಾಹರಣೆ ಅಮೆರಿಕದ ರೇಡಿಯೊ ನಿರೂಪಕ ಅಲೆಕ್ಸ್ ಜೋನ್ಸ್. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ 20 ಮಕ್ಕಳನ್ನೂ ಆರು ಮಂದಿ ಸಿಬ್ಬಂದಿಯನ್ನೂ ಕೊಂದ. ಇದೆಲ್ಲ ನಾಟಕ, ಅಳುತ್ತಿರುವ ತಂದೆತಾಯಿ ನಟರು ಎಂದು ಜೋನ್ಸ್ ವರ್ಷಗಟ್ಟಲೆ ಹೇಳಿದರು. ಅದನ್ನು ನಂಬಿದವರು ಆ ಮನೆಗಳವರಿಗೆ ಬೆದರಿಕೆ ಹಾಕಿದರು. ಮಗುವನ್ನು ಮಣ್ಣು ಮಾಡಿದ ಮನೆಯವರು ಊರು ಬಿಟ್ಟು ಹೋಗಬೇಕಾಯಿತು. ಅವರು ಸರ್ಕಾರದ ಹತ್ತಿರ ಹೋಗಲಿಲ್ಲ, ಮಾನಹಾನಿಯ ದಾವೆ ಹಾಕಿದರು. 2022ರ ಅಕ್ಟೋಬರ್‌ನಲ್ಲಿ ಕನೆಕ್ಟಿಕಟ್‌ನ ಜ್ಯೂರಿ ಸುಮಾರು 96.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಮಾತಿನ ಸ್ವಾತಂತ್ರ್ಯಕ್ಕೆ ಅಮೆರಿಕದಷ್ಟು ರಕ್ಷಣೆ ಕೊಡುವ ದೇಶ ಇನ್ನೊಂದಿಲ್ಲ ಎನ್ನುತ್ತಾರೆ. ಅಲ್ಲೇ ಈ ತೀರ್ಪು ಬಂತು. ಜೋನ್ಸ್ ಸರ್ಕಾರವನ್ನು ಎಷ್ಟು ಬೈದರೂ ಅದು ಅವರ ಹಕ್ಕು. ಮಗು ಕಳೆದುಕೊಂಡವರನ್ನು ಸುಳ್ಳುಗಾರರು ಎಂದಾಗ ಅವರು ಬೇರೆಯವರ ಬದುಕಿಗೇ ಕೈ ಹಾಕಿದರು.

ಇನ್ನು ನಮ್ಮ ದೇಶ. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟಿದೆ, ಅದರ ಎರಡನೆಯ ಉಪವಿಧಿ ಮಿತಿಗಳನ್ನೂ ಹೇಳಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಹೀಗೆ. ಮಿತಿ ಇರುವುದು ಸರಿಯೇ. ನನ್ನ ಚಿಂತೆ ಅದನ್ನು ಬಳಸುವ ರೀತಿಯದು. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಯಿತು. ಬಂದ್ ಯಾಕೆ ಎಂದು ಪಾಲ್ಘರ್‌ನ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಯಾರನ್ನೂ ಹೊಡೆಯಿರಿ ಎಂದವರಲ್ಲ, ಯಾರ ಮನೆಯ ವಿಳಾಸವನ್ನೂ ಹೇಳಿದವರಲ್ಲ. ಕೆಲವರಿಗೆ ಸಿಟ್ಟು ಬಂತು, ಅಷ್ಟೇ.

ಆ ಘಟನೆಯ ನಂತರ, ಆನ್‌ಲೈನ್‌ನಲ್ಲಿ ನೋಯಿಸುವ ಸಂದೇಶ ಹಾಕುವುದನ್ನು ಅಪರಾಧ ಮಾಡಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಸುಪ್ರೀಂ ಕೋರ್ಟಿಗೆ ಹೋಯಿತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಕೋರ್ಟು ಅದನ್ನು ತೆಗೆದುಹಾಕಿತು. ಒಂದು ವಿಷಯವನ್ನು ಚರ್ಚಿಸುವುದು ಬೇರೆ. ಅದರ ಪರ ಜೋರಾಗಿ ವಾದಿಸುವುದೂ ಬೇರೆ. ಅಪರಾಧಕ್ಕೆ ಪ್ರಚೋದಿಸುವುದು ಮತ್ತೂ ಬೇರೆ. ಮೊದಲ ಎರಡು ಎಷ್ಟೇ ಕಹಿಯಾದರೂ ಸಂವಿಧಾನದ ರಕ್ಷಣೆಯಲ್ಲಿವೆ ಎಂದಿತು. ಇದಕ್ಕೂ ಮುಂಚೆ, 1989ರಲ್ಲಿ, ತಮಿಳು ಸಿನಿಮಾ ಒಂದರ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಹೇಳಿತ್ತು. ಗಲಾಟೆ ಮಾಡುತ್ತೇವೆ ಎಂದು ಕೆಲವರು ಹೆದರಿಸಿದರೆ, ಸರ್ಕಾರ ಗಲಾಟೆ ತಡೆಯಬೇಕೇ ಹೊರತು ಮಾತನ್ನು ತಡೆಯಬಾರದು. ಎರಡನ್ನೂ ಪ್ರತಿ ಪೊಲೀಸ್ ಠಾಣೆಯಲ್ಲೂ ಬರೆದು ಹಾಕಬೇಕು ಎಂದು ನನಗೆ ಅನಿಸುತ್ತದೆ. ಯಾಕೆಂದರೆ ಸತ್ತುಹೋದ 66ಎ ಅಡಿಯಲ್ಲೇ ಆಮೇಲೂ ಕೇಸುಗಳು ದಾಖಲಾಗುತ್ತಿದ್ದವು. ಅದನ್ನು ನಿಲ್ಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಆದೇಶ ಕೊಡಬೇಕಾಯಿತು.

ನಮ್ಮ ಬೆಂಗಳೂರಿನ ಗೌರಿ ಲಂಕೇಶ್ ಅವರನ್ನು ನೆನೆಯದೆ ಈ ಮಾತು ಮುಂದೆ ಹೋಗುವುದಿಲ್ಲ. ಅವರು ಖಾರವಾಗಿ ಬರೆಯುತ್ತಿದ್ದರು. ಒಪ್ಪುವವರೂ ಇದ್ದರು, ಒಪ್ಪದವರು ಜಾಸ್ತಿಯೇ ಇದ್ದರು. 2008ರ ಒಂದು ವರದಿಯ ಬಗ್ಗೆ ಕೆಲವು ರಾಜಕೀಯ ನಾಯಕರು ಮಾನಹಾನಿ ಕೇಸು ಹಾಕಿದರು. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ಕೋರ್ಟು ಗೌರಿಗೆ ಆರು ತಿಂಗಳ ಜೈಲು ಮತ್ತು ದಂಡ ವಿಧಿಸಿತು. ಅವರಿಗೆ ಜಾಮೀನು ಸಿಕ್ಕಿತು. ನೊಂದವರು ಕೋರ್ಟಿಗೆ ಹೋದರು, ಬರೆದವರು ಅಲ್ಲೇ ಉತ್ತರ ಕೊಟ್ಟರು. ಅಷ್ಟರಮಟ್ಟಿಗೆ ದಾರಿ ಸರಿಯಾಗಿತ್ತು. ಅದಾಗಿ ವರ್ಷ ತುಂಬುವ ಮೊದಲೇ, 2017ರ ಸೆಪ್ಟೆಂಬರ್ 5ರ ರಾತ್ರಿ, ರಾಜರಾಜೇಶ್ವರಿನಗರದ ಅವರ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಯಾವ ಬರಹಕ್ಕೂ ಇದು ಉತ್ತರ ಅಲ್ಲ. ‘ಆದರೆ ಆಕೆ ಬರೆದದ್ದೂ ಹಾಗೇ ಇತ್ತಲ್ಲ’ ಎಂದು ಆಗ ಕೆಲವರು ಹೇಳಿದರು. ಆ ‘ಆದರೆ’ಯನ್ನು ನಾನು ಎಂದೂ ಒಪ್ಪುವುದಿಲ್ಲ.

ಆರು ತಿಂಗಳ ಆ ಜೈಲು ಶಿಕ್ಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮಾನಹಾನಿಗೆ ಜೈಲು ಇರಬಹುದು ಎಂದು ಸುಪ್ರೀಂ ಕೋರ್ಟು 2016ರಲ್ಲಿ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಎರಡು ವರ್ಷದವರೆಗಿನ ಜೈಲು ಉಳಿದಿದೆ. ಸಮುದಾಯ ಸೇವೆಯ ಆಯ್ಕೆ ಮಾತ್ರ ಹೊಸದಾಗಿ ಸೇರಿದೆ. ಹಣ, ಅಧಿಕಾರ ಇರುವವರು ಸಣ್ಣ ಪತ್ರಿಕೆಯವರನ್ನು ಊರಿಂದೂರಿಗೆ ಕೋರ್ಟಿಗೆ ಅಲೆಸಲು ಈ ಜೈಲಿನ ಹೆದರಿಕೆಯೇ ಸಾಕು. ಸ್ಯಾಂಡಿ ಹುಕ್‌ನ ತಂದೆತಾಯಂದಿರಿಗೆ ಸಿಕ್ಕಿದ್ದು ಪರಿಹಾರದ ತೀರ್ಪು, ಮತ್ತು ನಿಮ್ಮ ಮಕ್ಕಳು ನಿಜವಾಗಿಯೂ ಇದ್ದರು ಎಂದು ತುಂಬಿದ ನ್ಯಾಯಾಲಯದಲ್ಲಿ ಸಿಕ್ಕ ಒಪ್ಪಿಗೆ. ನಮ್ಮಲ್ಲೂ ಮಾನಹಾನಿ ಸಿವಿಲ್ ದಾವೆಯಾಗಿಯೇ ಇರಲಿ. ಪರಿಹಾರ ಕೊಡಿಸಲಿ, ತಿದ್ದುಪಡಿಯನ್ನು ಮೊದಲ ಪುಟದಲ್ಲೇ ಹಾಕಿಸಲಿ, ದಾವೆ ಬೇಗ ಮುಗಿಯಲಿ. ಜೈಲಿನ ಮಾತನ್ನು ಸಂಸತ್ತು ಆ ಕಲಮಿನಿಂದ ತೆಗೆದುಹಾಕಬೇಕು.

ನಮಸ್ಕಾರ.